‘ನಾವು ಇಂಥವರು’ ಅಂತ ಮನಿಯಾಗ ಹೇಳ್ತಾರಲ್ಲ, ಅದನ್ನ ಒರೆಗೆ ಹಚ್ಚೋದು ಹೆಂಗ?

ಕಾಗಿಣಾ ದಂಡಿ (ಚರ್ಚೆ ಶುರು ಮಾಡಿದವರು)

ಕಲಬುರಗಿ, ಬೀದರ, ಯಾದಗಿರಿ ಕಡಿ ಬಹಳ ಮನಿಗಳಾಗ ಮೂರು ಮಾತು ಕೇಳಿಬರ್ತಾವ. ಒಂದು: “ಕಲ್ಯಾಣದಾಗ ಗದ್ದಲ ಆದಾಗ ನಮ್ಮ ಹಿರೇರು ಅಲ್ಲಿಂದ ಎದ್ದು ಬಂದರು.” ಎರಡು: “ಪಾಟೀಲಕಿ ನಮ್ಮ ಹುಟ್ಟಿನ ಹಕ್ಕು, ಊರು ಕಟ್ಟಿದವರೇ ನಾವು.” ಮೂರು: “ನಮ್ಮ ರಕ್ತದಾಗೇ ಲೆಕ್ಕ ಇಲ್ಲ, ನಮ್ಮವರಿಗಿ ವ್ಯಾಪಾರ ಒಗ್ಗಂಗಿಲ್ಲ.”

ಇವುಗಳಾಗ ಯಾವುದನ್ನ ಕಾಗದದ ಮ್ಯಾಲ ನೋಡಬಹುದು, ಯಾವುದನ್ನ ನೋಡಕ್ಕಾಗಂಗಿಲ್ಲ? ಡಿಎನ್‌ಎ ಟೆಸ್ಟ್ ಮಾಡಿಸಿದ್ರ ಏನರೆ ತಿಳೀತದೇನು? ಗೊತ್ತಿದ್ದವರು ಕ್ರಮ ಹೇಳ್ರಿ. “ಹಿರೇರ ಮಾತು ಸುಳ್ಳಾಗಂಗಿಲ್ಲ” ಅನ್ನೋದೂ ಬ್ಯಾಡ, “ಎಲ್ಲಾ ಬರೇ ಸುಳ್ಳು” ಅನ್ನೋದೂ ಬ್ಯಾಡ.

ದಫ್ತರಖಾನೆ

ಮೂರೂ ಬೇರೆ ಬೇರೆ ಬಗೆಯ ಮಾತು, ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಎರಡನೆಯದರಿಂದ ಶುರು ಮಾಡಿ, ಅದಕ್ಕೇ ಹೆಚ್ಚು ಕಾಗದ ಸಿಗುವುದು.

ಪಾಟೀಲ, ಕುಲಕರ್ಣಿ, ದೇಶಮುಖ, ದೇಶಪಾಂಡೆ, ಜಮಾದಾರ, ಹವಾಲ್ದಾರ, ಕೋತವಾಲ, ಮುಜುಮದಾರ, ಇನಾಮದಾರ: ಇವೆಲ್ಲ ಹುದ್ದೆ ಅಥವಾ ಹಕ್ಕಿನ ಹೆಸರು. ಊರ ಮುಖ್ಯಸ್ಥ ಪಾಟೀಲ, ಊರ ಲೆಕ್ಕ ಕುಲಕರ್ಣಿಯದು. ಹಲವು ಊರು ಸೇರಿದ ಪರಗಣೆಯ ಮಟ್ಟದಲ್ಲಿ ಇದೇ ಜೋಡಿ ದೇಶಮುಖ, ದೇಶಪಾಂಡೆ. ಪಾಟೀಲಕಿಯನ್ನು ಲಿಂಗಾಯತರು, ಮರಾಠರು, ಮುಸ್ಲಿಮರು, ಜೈನರು ಎಲ್ಲರೂ ನಡೆಸಿದ್ದಾರೆ. ಹಾಗಾಗಿ ಆ ಅಡ್ಡಹೆಸರು ಕುಲವನ್ನು ಹೇಳುವುದಿಲ್ಲ. ಯಾವುದೋ ಒಂದು ಕಾಲದಲ್ಲಿ ಆ ಮನೆಯ ಒಬ್ಬರ ಕೈಯಲ್ಲಿ ಆ ಕೆಲಸವಿತ್ತು ಎಂದಷ್ಟೇ ಹೇಳುತ್ತದೆ. ಕೆಲಸ ಬಂದದ್ದು ಯಾವಾಗ, ಯಾರಿಂದ ಎಂಬುದೇ ನಿಜವಾದ ಪ್ರಶ್ನೆ. ವಂಶಪಾರಂಪರ್ಯ ಗ್ರಾಮಾಧಿಕಾರ 1961ರ ಕಾಯ್ದೆಯಿಂದ ರದ್ದಾಯಿತು, 1963ರಲ್ಲಿ ಅದು ಜಾರಿಗೆ ಬಂತು. ಹುದ್ದೆ ಹೋಗಿ ಅರವತ್ತು ವರ್ಷವಾದರೂ ಹೆಸರು ಉಳಿದಿದೆ, ಈಗ ಜನ ಅದನ್ನೇ ರಕ್ತ ಅನ್ನುತ್ತಿದ್ದಾರೆ.

ಹುಡುಕುವ ಕ್ರಮ ಹಿಂದಿನಿಂದ ಮುಂದಕ್ಕಲ್ಲ, ಇಂದಿನಿಂದ ಹಿಂದಕ್ಕೆ. ಕೈಯಲ್ಲಿರುವ ಪಹಣಿಯ ಸರ್ವೆ ನಂಬರು ಬರೆದುಕೊಳ್ಳಿ. ಆ ನಂಬರಿನ ಮ್ಯುಟೇಶನ್, ನಮ್ಮ ಕಡೆ ಫೇರಫಾರ್ ಅನ್ನುತ್ತೇವಲ್ಲ, ಅದನ್ನು ಒಂದೊಂದೇ ಹಿಂದಕ್ಕೆ ತೆಗೆಸಿ. ತಹಸೀಲಿನ ಅಭಿಲೇಖಾಲಯದಲ್ಲಿ 1954-55ರ ಖಾಸ್ರಾ ಪಹಣಿ ಕೇಳಿ: ಪಟ್ಟೇದಾರ ಯಾರು, ಉಳುತ್ತಿದ್ದವ ಯಾರು ಎಂದು ಅದರಲ್ಲಿ ಬೇರೆ ಬೇರೆ ಕಲಂ ಇರುತ್ತದೆ. ಅದಕ್ಕೂ ಹಿಂದೆ ನಿಜಾಮರ ಕಾಲದ ಸೇತ್ವಾರ್, ಅಂದರೆ ಬಂದೋಬಸ್ತಿನ ಮೂಲ ಪುಸ್ತಕ. ಇನಾಮು (ದತ್ತಿ ಭೂಮಿ) ಅಥವಾ ವತನ (ಹುದ್ದೆಗೆ ಅಂಟಿದ ವಂಶದ ಹಕ್ಕು) ಇದ್ದ ಮನೆಯಾದರೆ ಅತಿಯಾತ್, ಅಂದರೆ ಇಂಥ ದತ್ತಿಗಳ ವಿಚಾರಣೆಯ ಮುಂತಖಬ್ ಎಂಬ ತೀರ್ಪಿನ ಪತ್ರ ಹುಡುಕಿ. ವಾರಸುದಾರಿಕೆ ತೀರ್ಮಾನಿಸಲು ಅಲ್ಲಿ ವಂಶವೃಕ್ಷ, ಅವರ ಮಾತಿನಲ್ಲಿ ಶಜರಾ, ಹಾಕಲೇಬೇಕಿತ್ತು.

ಆದರೆ ಆ ವಂಶವೃಕ್ಷ ಹಕ್ಕು ಕೇಳಲು ಬಂದವರೇ ಬರೆಸಿದ್ದು. ಹೆಣ್ಣುಮಕ್ಕಳು ಮಾಯ, ಎದುರುಪಕ್ಷದ ಕವಲು ಮಾಯ, ದತ್ತು ಬಂದವನು ಸ್ವಂತ ಮಗನೇ ಆಗಿಬಿಡುತ್ತಾನೆ. ಎದುರುಪಕ್ಷದ ತಕರಾರು ಅರ್ಜಿಯೂ ಅದೇ ಕಡತದಲ್ಲಿದ್ದರೆ ಮೊದಲು ಅದನ್ನು ಓದಿ. ಬೈಗುಳದಲ್ಲಿ ಸತ್ಯ ಹೆಚ್ಚಿರುತ್ತದೆ.

ಮೋಡಿ ಓದುಗ

ದಫ್ತರಖಾನೆಯವರು ಹೇಳಿದ್ದು ಸರಿ. ಆದರೆ ಕಾಗದ ಸಿಕ್ಕಮೇಲೆ ತಪ್ಪಾಗುವುದು ಓದುವಾಗ.

ಹೈದರಾಬಾದ್ ಸಂಸ್ಥಾನದಲ್ಲಿ 1880ರ ದಶಕದವರೆಗೆ ದರಬಾರಿನ ಭಾಷೆ ಪಾರ್ಸಿ, ಆಮೇಲೆ ಉರ್ದು. ಬೀದರ, ಆಳಂದ ಕಡೆಯ ಕುಲಕರ್ಣಿ ದಫ್ತರಗಳಲ್ಲಿ ಮೋಡಿ ಲಿಪಿಯ ಮರಾಠಿ. ಕನ್ನಡದ ಹೆಸರು ಇವೆರಡರ ಮೂಲಕ ಹಾದು ಬರುವಾಗ ರೂಪ ಕೆಡುತ್ತದೆ.

ಉರ್ದುವಿನಲ್ಲಿ ಳ, ಣ ಇಲ್ಲ. ಳ ಬಂದಲ್ಲಿ ಲ, ಣ ಬಂದಲ್ಲಿ ನ. ಹ್ರಸ್ವ ಸ್ವರವನ್ನು ಸಾಮಾನ್ಯವಾಗಿ ಬರೆಯುವುದೇ ಇಲ್ಲ. ಇದರಿಂದಾಗುವ ಅನಾಹುತಕ್ಕೆ ಒಂದೇ ಉದಾಹರಣೆ ಸಾಕು: ಮಾಲಿ ಪಾಟೀಲ ಎಂದರೆ ಕಂದಾಯದ ಪಾಟೀಲ. ಮಾಲ್ ಅಂದರೆ ಕಂದಾಯ, ಅವನ ಜೋಡಿ ಪೊಲೀಸ್ ಪಾಟೀಲ. ಮಾಳಿ ಎಂದರೆ ತೋಟಗಾರಿಕೆಯ ಸಮುದಾಯ. ಉರ್ದುವಿನಲ್ಲಿ ಬರೆದರೆ ಎರಡೂ ಒಂದೇ. ಹೆಸರಿನ ಹಿಂದೆ ಆ ಪದ ಕಂಡ ಕೂಡಲೇ ‘ನಮ್ಮವರು ಮೂಲತಃ ಮಾಳಿಗಳು’ ಎಂದೋ, ‘ಅವರು ಪಾಟೀಲರು’ ಎಂದೋ ತೀರ್ಮಾನಿಸಿದರೆ ತಪ್ಪು. ಆ ಪದ ಯಾವ ಕಲಮಿನಲ್ಲಿದೆ ನೋಡಿ: ಹುದ್ದೆಯ ಕಲಮಿನಲ್ಲೋ, ಸಮುದಾಯ ಬರೆಯುವ ಕೌಮ್ ಅಥವಾ ಜಾತ್ ಎಂಬ ಕಲಮಿನಲ್ಲೋ.

ಮೋಡಿಯಲ್ಲಿ ಮೊದಲು ಸಾಲಿನುದ್ದಕ್ಕೂ ಗೆರೆ ಎಳೆದು ಆಮೇಲೆ ಅಕ್ಷರಗಳನ್ನು ತೂಗುಹಾಕುತ್ತಾರೆ. ಪದಗಳ ನಡುವೆ ಜಾಗ ಇರುವುದಿಲ್ಲ, ಇಕಾರ ಉಕಾರಗಳಲ್ಲಿ ಹ್ರಸ್ವದೀರ್ಘ ಭೇದವಿಲ್ಲ. ಅದಕ್ಕೇ ಒಬ್ಬರ ಓದನ್ನು ನಂಬಬೇಡಿ. ಇಬ್ಬರಿಂದ ಬೇರೆ ಬೇರೆಯಾಗಿ ಓದಿಸಿ, ನಿಮಗೆ ಏನು ಬೇಕಾಗಿದೆ ಎಂದು ಇಬ್ಬರಿಗೂ ಹೇಳಬೇಡಿ. ಹೇಳಿದರೆ ಅದೇ ಕಾಣುತ್ತದೆ.

ವರ್ಷದ ಲೆಕ್ಕ: ಕಂದಾಯ ಕಾಗದದಲ್ಲಿ ಫಸಲಿ, ಅಂದರೆ ಬೆಳೆ-ಕಂದಾಯದ ವರ್ಷ, ಇರುತ್ತದೆ. ನಿಜಾಮರ ಫಸಲಿ ವರ್ಷ ಆಜೂರ್ ತಿಂಗಳಿಂದ, ಅಂದರೆ ಅಕ್ಟೋಬರ್ ಮೊದಲ ವಾರದಿಂದ. ಫಸಲಿಗೆ 590 ಕೂಡಿಸಿದರೆ ಆ ವರ್ಷ ಶುರುವಾದ ಇಸವಿ ಸಿಗುತ್ತದೆ. 1357 ಫಸಲಿ ಅಂದರೆ 1947ರ ಅಕ್ಟೋಬರಿನಿಂದ ಮುಂದಿನ ಅಕ್ಟೋಬರ್. ಅದನ್ನೇ ಹಿಜರಿ ಎಂದು ಓದಿದರೆ 1938 ಆಗಿಬಿಡುತ್ತದೆ. ಹತ್ತು ವರ್ಷದ ಈ ತಪ್ಪಿನಿಂದ ಎಷ್ಟೋ ವಂಶವೃಕ್ಷಗಳಲ್ಲಿ ಮಗ ಅಪ್ಪನಿಗಿಂತ ಮೊದಲು ಪಟ್ಟೇದಾರನಾಗಿರುತ್ತಾನೆ.

ತೊಗರಿ ಕಣ

ಕಾಗದಕ್ಕಿಂತ ಮೊದಲ ಹೆಳವರನ್ನ ಕೇಳ್ರಿ. ಸುಗ್ಗಿ ಮುಗದ ಮ್ಯಾಲ ಎತ್ತಿನ ಮ್ಯಾಲ ಬರ್ತಾರ, ಮನಿತನದ ಹೆಸರು ಒದರಿ ವಂಶಾವಳಿ ಓದ್ತಾರ, ಕಾಳು ಕಡಿ ತಗೊಂಡು ಹೋಗ್ತಾರ. ಕೆಲವರ ಹತ್ರ ಹಳೇ ಪುಸ್ತಕ ಅದಾವ. ಮೂಲ ಊರು, ಅಲ್ಲಿಂದ ಎದ್ದು ಬಂದ ಕಾರಣ, ಅಣ್ತಮ್ಮರು ಎಲ್ಲೆಲ್ಲಿ ಹಂಚಿಹೋದ್ರು, ಎಲ್ಲಾ ಹೇಳ್ತಾರ. ಸರ್ಕಾರಿ ಕಾಗದದಾಗ ಹೊಲ ಇದ್ದವರಷ್ಟೇ ಇರ್ತಾರ.

ದಫ್ತರಖಾನೆ

ಒಪ್ಪಿದೆ, ಹೆಳವರ ಪುಸ್ತಕ ನಿಜಕ್ಕೂ ಅಮೂಲ್ಯ. ಆದರೆ ಎರಡು ಜರಡಿ ಹಿಡಿಯಿರಿ. ದಾನ ಕೊಡುವ ಮನೆಯನ್ನು ಹೊಗಳುವುದು ಆ ವೃತ್ತಿಯ ಭಾಗ, ಆದ್ದರಿಂದ ವಿಶೇಷಣ ಬಿಟ್ಟು ಹೆಸರು, ಊರು ಮಾತ್ರ ಬರೆದುಕೊಳ್ಳಿ. ಎರಡನೆಯದು ತಲೆಮಾರಿನ ಎಣಿಕೆ.

ಇಲ್ಲಿಯೇ ಮೂಲ ಪ್ರಶ್ನೆಯ ಮೊದಲ ಮಾತಿಗೆ ಬರೋಣ. ಕಲ್ಯಾಣದ ಗದ್ದಲ ನಡೆದದ್ದು 1160ರ ದಶಕದಲ್ಲಿ. ಒಂದು ತಲೆಮಾರಿಗೆ 25ರಿಂದ 30 ವರ್ಷ ಹಿಡಿದರೆ ಅಲ್ಲಿಂದ ಇಲ್ಲಿಗೆ ಸುಮಾರು 30 ತಲೆಮಾರು ಬೇಕು. ಹೆಳವರ ಪಟ್ಟಿಯಲ್ಲಿ ಒಂಬತ್ತು ಹೆಸರಿದ್ದರೆ ಅದು ಹೆಚ್ಚೆಂದರೆ 1750ರ ಆಚೀಚೆ ಮುಟ್ಟುತ್ತದೆ. ನಡುವಿನ ಇಪ್ಪತ್ತು ತಲೆಮಾರು ಖಾಲಿ. ‘ಕಲ್ಯಾಣದಿಂದ ಬಂದವರು’ ಎಂಬ ಮಾತು ಸುಳ್ಳೆಂದು ಇದರಿಂದ ಸಾಬೀತಾಗುವುದಿಲ್ಲ. ಆ ಪಟ್ಟಿ ಅದಕ್ಕೆ ಸಾಕ್ಷಿಯಾಗಲಾರದು, ಅಷ್ಟೆ. ನಂಬಿದರೂ ಅದು ಶರಣರ ಮೇಲಿನ ಭಕ್ತಿ ಎಂದು ನಂಬಿ, ದಾಖಲೆ ಎಂದು ಬೇಡ. ಅಂದಹಾಗೆ, ಹುಟ್ಟಿನಿಂದ ಯಾರೂ ದೊಡ್ಡವರಲ್ಲ ಎಂದು ವಾದಿಸಿದ ಊರಿಂದಲೇ ಹುಟ್ಟಿನ ದೊಡ್ಡಸ್ತಿಕೆ ತರುವುದು ನಮ್ಮ ಜಾಣತನ.

ಕಾಗಿಣಾ ದಂಡಿ

ಊರಿನ ಅಡ್ಡಹೆಸರು? ಮನಿದೇವರು?

ದಫ್ತರಖಾನೆ

ಊರಿನ ಹೆಸರಿನ ಅಡ್ಡಹೆಸರಿಗೆ ಬೆಲೆ ಇದೆ. ಚಿಂಚೋಳಿಯಲ್ಲೇ ಇರುವವನನ್ನು ಚಿಂಚೋಳಿ ಎಂದು ಯಾರೂ ಕರೆಯುವುದಿಲ್ಲ, ಅದು ಬೇರೆ ಊರಿಗೆ ಹೋದಮೇಲೆ ಅಂಟುವ ಹೆಸರು. ಆ ಊರಿನ ವತನ ಇದ್ದವರು ಮಾತ್ರ ಇದಕ್ಕೆ ಹೊರತು. ಆದರೆ ಕೊನೆಯ ನಿಲ್ದಾಣದ ಹೆಸರಷ್ಟೇ ಅಂಟುತ್ತದೆ, ಅದರ ಹಿಂದಿನ ಊರು ಅಳಿಸಿರುತ್ತದೆ.

ಮನೆದೇವರಿಗೆ ಬೆಲೆ ಕಡಿಮೆ. ಮೈಲಾರ ಮಲ್ಲಣ್ಣನಿಗೆ ಭಾಲ್ಕಿ ಹತ್ತಿರದ ಖಾನಾಪುರಕ್ಕೂ ಹೋಗುತ್ತಾರೆ, ಯಾದಗಿರಿ ಕಡೆಯ ಮೈಲಾಪುರಕ್ಕೂ ಹೋಗುತ್ತಾರೆ, ಕುರುಬರೂ ಒಕ್ಕಲಿಗರೂ ಮರಾಠರೂ ಹೋಗುತ್ತಾರೆ. ಅದರಿಂದ ಮೂಲ ಹುಡುಕಲಾಗದು.

ಅಡ್ಡಹೆಸರಿನಿಂದ ಸಮುದಾಯ ಹಿಡಿಯುವವರಿಗೂ ಒಂದು ಮಾತು: ಪವಾರ, ಚವ್ಹಾಣ, ಜಾಧವ ಎಂಬವು ಔರಾದ, ಭಾಲ್ಕಿ ಕಡೆ ಮರಾಠರಲ್ಲೂ ಇವೆ, ತಾಂಡಾಗಳ ಲಂಬಾಣಿಗಳಲ್ಲೂ ಇವೆ.

ಕೋಟೆ ಕಂದಕ

ಬೀದರಿನವರು ಇದಕ್ಕೆ ರಾಜರನ್ನೇ ನೋಡಬೇಕು. ವಂಶ ಕಟ್ಟಿಕೊಳ್ಳುವ ಕೆಲಸದಲ್ಲಿ ಅವರೇ ಮೊದಲ ಗುರುಗಳು.

1347ರಲ್ಲಿ ದೌಲತಾಬಾದಿನಲ್ಲಿ ಪಟ್ಟಕ್ಕೆ ಬಂದು ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡ ಅಲಾವುದ್ದೀನ್ ಹಸನ್, ತಾನು ಇರಾನಿನ ಪುರಾಣದ ವೀರ ಇಸ್ಫಂದಿಯಾರನ ಮಗ ಬಹಮನನ ವಂಶದವನು ಎಂದು ಹೇಳಿಸಿಕೊಂಡ. ಇನ್ನೊಂದು ಕಥೆ: ಹಸನ್ ದಿಲ್ಲಿಯಲ್ಲಿ ಗಂಗು ಎಂಬ ಬ್ರಾಹ್ಮಣನ ಬಳಿ ಆಳಾಗಿದ್ದ, ಕೃತಜ್ಞತೆಗಾಗಿ ಬಹಮನಿ ಎಂದು ಹೆಸರಿಟ್ಟುಕೊಂಡ. ನಮ್ಮ ಶಾಲೆಗಳಲ್ಲಿ ಬಾಯಿಪಾಠವಾಗಿರುವುದು ಎರಡನೆಯದು. ಅದನ್ನು ಬರೆದವನು ಇತಿಹಾಸಕಾರ ಫರಿಷ್ತಾ, ಘಟನೆಯಾಗಿ ಎರಡೂವರೆ ಶತಮಾನ ಕಳೆದಮೇಲೆ. ಹಸನನ ಕಾಲದ ನಾಣ್ಯದಲ್ಲಿರುವುದು ಬಹಮನ್ ಶಾಹ್ ಎಂಬ ಬಿರುದು; ಬ್ರಾಹ್ಮಣ ಒಡೆಯನ ಸುದ್ದಿ ಅದರಲ್ಲಿಲ್ಲ. ಮೊದಲ ಕಥೆ ಸಮಕಾಲೀನ, ಆದರೆ ದೊಡ್ಡಸ್ತಿಕೆಗೆ ಹೇಳಿದ್ದು. ಎರಡನೆಯದು ಚಂದದ್ದು, ಆದರೆ ತಡವಾಗಿ ಬಂದದ್ದು. ಮನೆಯ ಕಥೆಗೂ ಇವೇ ಎರಡು ಪ್ರಶ್ನೆ ಕೇಳಿ: ಘಟನೆಗೂ ಬರಹಕ್ಕೂ ಎಷ್ಟು ವರ್ಷ ಅಂತರ? ಹೇಳಿದವನಿಗೆ ಏನು ಲಾಭ?

ಸೇಡಂ ತಾಲ್ಲೂಕಿನ ಮಳಖೇಡದ ರಾಷ್ಟ್ರಕೂಟರೂ ಹಾಗೆಯೇ. ಆರಂಭದ ಶಾಸನಗಳಲ್ಲಿ ಯದುವಂಶದ ಮಾತಿಲ್ಲ, ಸಾಮ್ರಾಜ್ಯ ಬೆಳೆದಮೇಲಿನ ಶಾಸನಗಳಲ್ಲಿ ಬರುತ್ತದೆ. ಮೊದಲು ರಾಜ್ಯ, ಆಮೇಲೆ ಅಜ್ಜ.

ಮುಸ್ಲಿಂ ಮನೆಗಳಲ್ಲಿ ಇರುವ ಶಜರಾ ಹಾಳೆಯ ಬಗ್ಗೆಯೂ ಒಂದು ಎಚ್ಚರಿಕೆ. ಸೂಫಿ ಮನೆತನಗಳ ಶಜರಾ ಬಹಳ ಸಲ ಗುರುಶಿಷ್ಯ ಪರಂಪರೆ, ಸಿಲ್‌ಸಿಲಾ. ಅಲ್ಲಿ ಒಂದರ ಕೆಳಗೊಂದು ಬರೆದ ಹೆಸರುಗಳು ಅಪ್ಪಮಕ್ಕಳಲ್ಲ. ಬೀದರ ಹತ್ತಿರದ ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಅಹ್ಮದ್ ಶಾಹ್ ವಲಿಯ ಗುಮ್ಮಟದ ಒಳಗೆ ಬರೆದಿರುವುದೂ ಅಂಥ ಪರಂಪರೆಯೇ. ನಸಬ್ ಎಂದಿದ್ದರೆ ರಕ್ತದ ಸಾಲು, ತರೀಕತ್ ಅಥವಾ ಸಿಲ್‌ಸಿಲಾ ಎಂದಿದ್ದರೆ ದೀಕ್ಷೆಯ ಸಾಲು. ತಲೆಬರಹ ಓದದೆ ‘ನಾವು ಇರಾನಿನವರು’ ಎಂದುಬಿಡುತ್ತಾರೆ. ಹಾಗೆಂದು ಹೊರಗಿನವರು ಬರಲೇ ಇಲ್ಲವೆಂದಲ್ಲ. ಬಹಮನಿ ಮಂತ್ರಿ ಮಹಮೂದ್ ಗವಾನ್ ಇರಾನಿನ ಗೀಲಾನಿನಿಂದ ಬಂದವನು, ಔರಂಗಜೇಬನ ಎದುರು ಬೀದರ ಕೋಟೆ ಕಾದ ಮಲಿಕ್ ಮರ್ಜಾನ್ ಹಬಶಿ, ಅಂದರೆ ಆಫ್ರಿಕ ಮೂಲದವನು. ಬೀದರಿನ ಹಬ್ಸಿ ಕೋಟೆ ಗುಡ್ಡದ ಹೆಸರು ಸುಮ್ಮನೆ ಬಂದದ್ದಲ್ಲ. ಕುತೂಹಲವೆಂದರೆ, ಇರಾನಿನ ಅಜ್ಜ ಬೇಕು ಎನ್ನುವವರು ಬಹಳ, ಆಫ್ರಿಕದ ಅಜ್ಜ ಬೇಕು ಎನ್ನುವವರು ವಿರಳ.

ಮಲಗಿದ ಬೆಟ್ಟ (ಶಹಾಪುರ)

ಡಿಎನ್‌ಎ ಬಗ್ಗೆ ಯಾರೂ ಹೇಳಲಿಲ್ಲ.

ಪೆಟ್ಟಿಗೆ ತರಿಸಿ, ಉಗುಳು ತುಂಬಿ ಕಳಿಸಿದರೆ ಮೂರು ತರಹದ ಫಲಿತಾಂಶ ಬರಬಹುದು. ವೈ ವರ್ಣತಂತು ಅಪ್ಪನ ಅಪ್ಪನ ಅಪ್ಪ ಎಂಬ ಒಂದೇ ಗೆರೆ. ಮೈಟೋಕಾಂಡ್ರಿಯ ಅವ್ವನ ಅವ್ವನ ಅವ್ವ ಎಂಬ ಒಂದೇ ಗೆರೆ. ಹತ್ತು ತಲೆಮಾರು ಹಿಂದೆ ನಿಮಗೆ 1,024 ಪೂರ್ವಜರ ಜಾಗ ಇರುತ್ತದೆ. ವೈ ಅದರಲ್ಲಿ ಒಬ್ಬನನ್ನು ತೋರಿಸುತ್ತದೆ, ಉಳಿದ 1,023 ಜನರ ಬಗ್ಗೆ ಬಾಯಿ ಮುಚ್ಚಿಕೊಂಡಿರುತ್ತದೆ. ಅದನ್ನು ಹಿಡಿದು ‘ನಾವು ಇಂಥ ಕುಲ’ ಅನ್ನುವುದು 1,024 ಪುಟದ ಪುಸ್ತಕದ ಒಂದು ಪುಟ ಓದಿದಂತೆ.

ಮೂರನೆಯದು ಉಳಿದ ವರ್ಣತಂತುಗಳ ಶೇಕಡಾವಾರು ಲೆಕ್ಕ. ಅದು ಕಂಪನಿಯ ಬಳಿ ಇರುವ ಹೋಲಿಕೆ ಗುಂಪುಗಳ ಮೇಲೆ ನಿಂತಿದೆ. ಗುಂಪು ಬದಲಾದರೆ ಶೇಕಡಾವಾರು ಬದಲಾಗುತ್ತದೆ, ನಿಮ್ಮ ಉಗುಳು ಮಾತ್ರ ಅದೇ. ಪ್ರತಿ ತಲೆಮಾರಿಗೆ ಪಾಲು ಸರಾಸರಿ ಅರ್ಧ: ಐದು ತಲೆಮಾರು ಹಿಂದಿನ ಒಬ್ಬ ಪೂರ್ವಜರಿಂದ ಸುಮಾರು ಶೇ 3. ಹತ್ತು ತಲೆಮಾರು ದಾಟಿದರೆ ಎಷ್ಟೋ ಪೂರ್ವಜರಿಂದ ಒಂದು ತುಣುಕೂ ಬಂದಿರುವುದಿಲ್ಲ.

ನಮ್ಮ ಕಡೆ ಅತ್ತೆಮಗಳು, ಸೋದರಮಾವನ ಮದುವೆ ಹೆಚ್ಚು. ಅಣ್ಣತಂಗಿಯ ಮಕ್ಕಳು ಮದುವೆಯಾದರೆ ಅವರ ಮಗುವಿಗೆ ಎಂಟರ ಬದಲು ಆರೇ ಮುತ್ತಜ್ಜ ಮುತ್ತಜ್ಜಿಯರು. ಇಂಥ ಸಮುದಾಯದಲ್ಲಿ ಕಂಪನಿ ‘ಮೂರನೆಯ ಸೋದರಸಂಬಂಧಿ’ ಎಂದು ತೋರಿಸಿದವರು ನಿಜಕ್ಕೆ ಇನ್ನೂ ದೂರದವರಿರಬಹುದು, ಯಾಕೆಂದರೆ ಒಂದೇ ಪೂರ್ವಜರು ನಾಲ್ಕಾರು ದಾರಿಯಲ್ಲಿ ಬಂದಿರುತ್ತಾರೆ.

ಇನ್ನು ‘ಶುದ್ಧ ರಕ್ತ’. ಭಾರತದ ಗುಂಪುಗಳ ಮೇಲೆ 2013ರಲ್ಲಿ ಪ್ರಕಟವಾದ ಅಧ್ಯಯನ, ಸುಮಾರು 4,200ರಿಂದ 1,900 ವರ್ಷಗಳ ಹಿಂದೆ ಉತ್ತರ, ದಕ್ಷಿಣದ ಎರಡು ಮೂಲ ವಂಶಧಾರೆಗಳು ವ್ಯಾಪಕವಾಗಿ ಬೆರೆತವು, ಒಳಮದುವೆಯ ಬಿಗಿ ಆಮೇಲೆ ಬಂತು ಎಂದು ತೋರಿಸಿತು. ಬೇಲಿ ಹಾಕಿದ್ದು ಹೊಲ ಕಲೆತ ಮೇಲೆ.

ಕಲ್ಯಾಣದ ಮಾತಿಗೂ ಇದರಲ್ಲಿ ಉತ್ತರವಿದೆ. 30 ತಲೆಮಾರು ಹಿಂದೆ 107 ಕೋಟಿ ಪೂರ್ವಜರ ಜಾಗ. ಆಗ ಇಡೀ ಭೂಮಿಯಲ್ಲೇ ಅಷ್ಟು ಜನ ಇರಲಿಲ್ಲ, ಒಬ್ಬರೇ ಸಾವಿರಾರು ಸಲ ಬರುತ್ತಾರೆ. ಕಲ್ಯಾಣದಲ್ಲಿದ್ದ ಯಾರೋ ಒಬ್ಬರು ನಿಮ್ಮ ಪೂರ್ವಜರಾಗಿರುವ ಸಾಧ್ಯತೆ ಜೋರಾಗಿಯೇ ಇದೆ. ಪಕ್ಕದ ಓಣಿಯವರಿಗೂ ಅಷ್ಟೇ ಜೋರು.

ಇನ್ನೊಂದು: ಟೆಸ್ಟ್‌ನಲ್ಲಿ ಅಪ್ಪ ಬೇರೆ, ಅಣ್ಣತಮ್ಮ ಅರ್ಧ ಎಂಬಂಥ ಸುದ್ದಿಯೂ ಬರಬಹುದು. ಉಗುಳು ಕಳಿಸುವ ಮೊದಲೇ, ಬಂದರೆ ಯಾರಿಗೆ ಹೇಳಬೇಕು, ಯಾರಿಗೆ ಬೇಡ ಎಂದು ತೀರ್ಮಾನಿಸಿ. ಮನೆಯ ವಾಟ್ಸಾಪ್ ಗುಂಪಿಗೆ ಫಲಿತಾಂಶ ಹಾಕುವುದು ಎಲ್ಲಕ್ಕಿಂತ ಕೆಟ್ಟ ದಾರಿ.

ತೊಗರಿ ಕಣ

ಮೂರನೇದು ಉಳೀತಲ್ರಿ. “ರಕ್ತದಾಗೇ ಲೆಕ್ಕ ಇಲ್ಲ.”

ಕೇಳುವ ಕಿವಿ

ಅದು ದಫ್ತರದಲ್ಲೂ ಸಿಗುವುದಿಲ್ಲ, ಉಗುಳಿನಲ್ಲೂ ಸಿಗುವುದಿಲ್ಲ. 1960ರ ದಶಕದಿಂದ ಅಮೆರಿಕದ ಮನೋವೈದ್ಯ ಏರನ್ ಬೆಕ್ ಬೆಳೆಸಿದ ಚಿಕಿತ್ಸಾ ಪದ್ಧತಿಯಲ್ಲಿ ಇಂಥ ನಂಬಿಕೆಗಳನ್ನು ಪ್ರಯೋಗದಿಂದಲೇ ಪರೀಕ್ಷಿಸುತ್ತಾರೆ. ಮನೆಯಲ್ಲೂ ಮಾಡಬಹುದು.

ಆ ಮಾತನ್ನು ಮನೆಯಲ್ಲಿ ಹೇಳಿದ ಹಾಗೆಯೇ ಬರೆಯಿರಿ, ತಿದ್ದಬೇಡಿ. ಪಕ್ಕದಲ್ಲಿ ಎಷ್ಟು ನಂಬುತ್ತೀರಿ ಎಂದು ನೂರಕ್ಕೆ ಅಂಕ ಕೊಡಿ. ಯಾರು, ಯಾವಾಗ ಹೇಳುತ್ತಾರೆ ಎಂದು ಬರೆಯಿರಿ. ‘ಲೆಕ್ಕ ಇಲ್ಲ’ ಎಂಬ ಮಾತು ಮಗಳು ವಿಜ್ಞಾನ ತಗೋತೀನಿ ಅಂದಾಗ ಮಾತ್ರ ಬಂದು, ಮಗ ಅಂಗಡಿ ಹಾಕ್ತೀನಿ ಅಂದಾಗ ಬರದಿದ್ದರೆ ಅದು ರಕ್ತದ ವಿಷಯವಲ್ಲ. ಆಮೇಲೆ ಅಳೆಯಬಹುದಾದ ರೂಪಕ್ಕೆ ತನ್ನಿ: ಏಳನೆಯ ತರಗತಿಯ ಶೇಕಡಾ, ಬಡ್ಡಿ, ಪ್ರಮಾಣದ ಹತ್ತು ಲೆಕ್ಕ, ಎಷ್ಟು ನಿಮಿಷ, ಎಷ್ಟು ಸರಿ. ಆರು ವಾರ, ವಾರಕ್ಕೆ ಐದು ದಿನ, ದಿನಕ್ಕೆ 25 ನಿಮಿಷ. ಶುರುವಿಗೆ ಮೊದಲೇ ‘ಕೊನೆಗೆ ಇಷ್ಟು ಸರಿ ಬರುತ್ತದೆ’ ಎಂಬ ಊಹೆ ಬರೆದು ಮಡಚಿಡಿ. ಕೊನೆಗೆ ಅದೇ ಮಟ್ಟದ ಬೇರೆ ಹತ್ತು ಲೆಕ್ಕ ಮಾಡಿ ಹೋಲಿಸಿ, ನಂಬಿಕೆಗೆ ಮತ್ತೆ ಅಂಕ ಕೊಡಿ.

ಕೆಡುವುದು ಎರಡು ಕಡೆ. ಮೊದಲ ದಿನವೇ ಪಿಯುಸಿಯ ಅನುಕಲನ ಹಿಡಿದು ಸೋತು, ‘ನೋಡು, ಹೇಳಿದ್ದೆನಲ್ಲ’ ಅನ್ನುವುದು ಒಂದು. ಗೆದ್ದಮೇಲೆ ‘ಇವು ಸುಲಭ ಇದ್ದವು, ಅದಕ್ಕೇ ಬಂದವು’ ಎಂದು ಸಾಕ್ಷಿಯನ್ನೇ ತಳ್ಳಿಹಾಕುವುದು ಇನ್ನೊಂದು. ಎರಡನೆಯದೇ ಹೆಚ್ಚು. ಅದಕ್ಕೆ ಮದ್ದು, ಯಾವುದನ್ನು ಗೆಲುವು ಎಂದು ಎಣಿಸುತ್ತೀರಿ ಎಂದು ಮೊದಲೇ ಬರೆದಿಡುವುದು. ಚಿಕ್ಕಂದಿನಿಂದಲೂ ಗಡಿಯಾರ, ಚಿಲ್ಲರೆ, ಸಣ್ಣ ಸಂಖ್ಯೆಗಳಲ್ಲೇ ತೊಡಕಿರುವ ಮಗುವಾದರೆ ಇದು ಬೇಡ. ಕಲಿಕಾ ತೊಂದರೆಯ ತಪಾಸಣೆ ಮಾಡಿಸಬೇಕು. ಇಂಥ ನಂಬಿಕೆ ಕೆದಕುವಾಗ ನಿದ್ದೆ, ಊಟ ಕೆಡುವಷ್ಟು ಸಂಕಟವಾದರೆ ನಿಲ್ಲಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು.

ಕಾಗಿಣಾ ದಂಡಿ

ಹಂಗಾದ್ರ “ನಮ್ಮ ಭಾಗದವರೇ ಹಿಂದುಳಿದವರು” ಅನ್ನೋದೂ ಈ ಗುಂಪಿಗೇ ಸೇರ್ತದಲ್ಲ?

ದಫ್ತರಖಾನೆ

ಅದಕ್ಕೆ ಕಾಗದ ಇದೆ. 2002ರ ನಂಜುಂಡಪ್ಪ ಸಮಿತಿ 175 ತಾಲ್ಲೂಕುಗಳನ್ನು 35 ಸೂಚಕಗಳಿಂದ ಅಳೆದು 114ನ್ನು ಹಿಂದುಳಿದವು ಎಂದಿತು, ಅದರಲ್ಲಿ 39 ಅತ್ಯಂತ ಹಿಂದುಳಿದವು. ಅಳೆದದ್ದು ರಸ್ತೆ, ಬ್ಯಾಂಕು, ಶಾಲೆ, ಆಸ್ಪತ್ರೆ, ನೀರಾವರಿಯಂಥವನ್ನು. ತಾಲ್ಲೂಕಿನ ಸರಾಸರಿ ಅದು, ಯಾರ ಮೈಯಲ್ಲೂ ಹರಿಯುವುದಿಲ್ಲ. ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ಅಡಿ ‘ಸ್ಥಳೀಯ ವ್ಯಕ್ತಿ’ ಎನ್ನುವಾಗಲೂ ಕಾನೂನು ಕೇಳುವುದು ಇಲ್ಲಿ ಹುಟ್ಟಿದ್ದಾರೆಯೇ, ಅಥವಾ 2013ರ ಜನವರಿ 1ಕ್ಕೆ ಮೊದಲು ಹತ್ತು ವರ್ಷ ವಾಸವಿದ್ದರೇ ಎಂಬಂಥ ಪ್ರಶ್ನೆಗಳನ್ನು. ಕುಲವನ್ನೂ ಮನೆಮಾತನ್ನೂ ಕೇಳುವುದಿಲ್ಲ.

ತೊಗರಿ ಕಣ

ಖರೇ, ಆದ್ರ ಬೆಂಗಳೂರಾಗ ಸಂದರ್ಶನಕ್ಕ ಕೂತ ಹುಡುಗಗ ಸೂಚಕದ ಲೆಕ್ಕ ಯಾರು ಕೇಳ್ತಾರ್ರಿ? ಅವನ “ಅದ, ಇಲ್ರಿ” ಕೇಳಿನೇ ಒಂದು ತೀರ್ಮಾನ ಆಗಿರ್ತದ. ಕಾಗದ ತೋರಿಸಿದ್ರ ನಮ್ಮ ನಂಬಿಕಿ ಬದಲಾಗಬಹುದು, ಎದುರಿನವಂದು ಆಗಂಗಿಲ್ಲ.

ಕೇಳುವ ಕಿವಿ

ಒಪ್ಪುತ್ತೇನೆ. ಮೇಲೆ ಹೇಳಿದ ಪ್ರಯೋಗ ನಮ್ಮ ತಲೆಯೊಳಗಿನ ಮಾತಿಗೆ ಮಾತ್ರ. ಹೊರಗಿನ ತಾರತಮ್ಯವನ್ನು ‘ನಿನ್ನ ನಂಬಿಕೆ ಬದಲಿಸಿಕೋ’ ಎಂದು ಯಾರಾದರೂ ಹೇಳಿದರೆ ಅದು ಮೋಸ.

ಮಹಾಗಾಂವ ಕ್ರಾಸ್

ತಡವಾಗಿ ಸೇರಿದೆ. ಹಿರಿಯರನ್ನು ಕೇಳುವ ರೀತಿ ಹೇಳುತ್ತೀರಾ? “ನಾವು ಎಲ್ಲಿಂದ ಬಂದವರು” ಎಂದರೆ ಎಲ್ಲರೂ ಒಂದೇ ಪಾಠ ಒಪ್ಪಿಸುತ್ತಾರೆ.

ಮೋಡಿ ಓದುಗ

ಆ ಪ್ರಶ್ನೆ ಕೇಳಲೇಬೇಡಿ. ಒಬ್ಬೊಬ್ಬರನ್ನೇ ಕೂಡಿಸಿ ಸಣ್ಣ ವಿಷಯ ಕೇಳಿ: ಮೊದಲ ಹೊಲ ಯಾವುದು, ಯಾರಿಂದ ಕೊಂಡದ್ದು, ಯಾವ ಬಾವಿಯ ನೀರು, ಮದುವೆಗೆ ಯಾವ ಊರಿಂದ ಬೀಗರು ಬರುತ್ತಿದ್ದರು, ಸತ್ತವರನ್ನು ಎಲ್ಲಿ ಮಣ್ಣು ಮಾಡುತ್ತಿದ್ದರು. ವರ್ಷ ಕೇಳಿದರೆ ಸಿಗದು, ಘಟನೆ ಕೇಳಿ: ರಜಾಕಾರರ ಗದ್ದಲದ ಮೊದಲೋ ಆಮೇಲೋ, 1972ರ ಬರದಾಗ ಯಾರು ಇದ್ದರು. ಮುದುಕಿಯರನ್ನು ಮೊದಲು ಕೇಳಿ. ಸೊಸೆಯಾಗಿ ಬಂದವರಿಗೆ ಎರಡು ಮನೆಯ ಕಥೆ ಗೊತ್ತಿರುತ್ತದೆ, ಗಂಡನ ಮನೆಯ ಹೆಮ್ಮೆ ಕಾಯುವ ಹೊಣೆ ಅಷ್ಟಿರುವುದಿಲ್ಲ.

ಶಾಲೆಯ ದಾಖಲಾತಿ ಪುಸ್ತಕವನ್ನೂ ನೋಡಿ, ಆದರೆ ಹುಟ್ಟಿದ ದಿನ ಜೂನ್ 1 ಎಂದಿದ್ದರೆ ಅದು ಮಾಸ್ತರರು ಅಂದಾಜಿನಿಂದ ಬರೆದದ್ದು. ಜನಗಣತಿಯಲ್ಲಿ ಮನೆಯ ಹೆಸರು ಹುಡುಕಲು ಹೋಗಬೇಡಿ, ವ್ಯಕ್ತಿಗಳ ಚೀಟಿಯನ್ನು ಕಾನೂನು ಯಾರಿಗೂ ತೋರಿಸಗೊಡುವುದಿಲ್ಲ.

ಮಹಾಗಾಂವ ಕ್ರಾಸ್

ಅಜ್ಜನ ಊರು ಈಗ ಜಹೀರಾಬಾದ್ ಕಡೆ ಇದ್ದವರು ಬೀದರ ತಹಸೀಲಿನಲ್ಲೇ ಕೇಳಬೇಕೇ?

ದಫ್ತರಖಾನೆ

ಬೇಡ. 1956ರ ನವೆಂಬರ್ 1ಕ್ಕೆ ಬೀದರ ಜಿಲ್ಲೆ ಒಡೆದಾಗ ಜಹೀರಾಬಾದ್, ನಾರಾಯಣಖೇಡ ಕಡೆಯವು ಆಗಿನ ಆಂಧ್ರಪ್ರದೇಶಕ್ಕೂ (ಈಗ ತೆಲಂಗಾಣ), ಉದಗೀರ, ನಿಲಂಗಾ, ಅಹ್ಮದಪುರ ಆಗಿನ ಮುಂಬಯಿ ರಾಜ್ಯಕ್ಕೂ (ಈಗ ಮಹಾರಾಷ್ಟ್ರ) ಹೋದವು. ಕಲಬುರಗಿಯಿಂದ ತಾಂಡೂರು, ಕೊಡಂಗಲ್ ಆಂಧ್ರಪ್ರದೇಶಕ್ಕೆ ಹೋದವು. ಊರಿನ ಕಂದಾಯ ಕಾಗದವನ್ನು ಈಗ ಆ ಊರು ಸೇರಿರುವ ತಹಸೀಲಿನಲ್ಲಿ ಕೇಳಿ. ಸಂಸ್ಥಾನದ ಮಟ್ಟದ ಕಡತಗಳಿಗೆ ಹೈದರಾಬಾದಿನ ತಾರ್ನಾಕಾದಲ್ಲಿರುವ ರಾಜ್ಯ ಪತ್ರಾಗಾರ. ಊರು ಜಾಗೀರು ಅಥವಾ ಪಾಯಗಾ (ನಿಜಾಮರ ದೊಡ್ಡ ಸರದಾರರ ಜಾಗೀರು) ಆಗಿದ್ದರೆ 1949ರ ಹಿಂದಿನ ಕಾಗದ ತಹಸೀಲಿನಲ್ಲಿ ತೆಳ್ಳಗಿರುತ್ತದೆ, ಯಾಕೆಂದರೆ ಲೆಕ್ಕ ಇಟ್ಟದ್ದು ಜಾಗೀರದಾರನ ಕಚೇರಿ. ಅರ್ಜಿಯಲ್ಲಿ ಈಗಿನ ಊರ ಹೆಸರಿನ ಜೊತೆ ಹಳೆಯ ತಾಲ್ಲೂಕು, ಜಿಲ್ಲೆಯ ಹೆಸರನ್ನೂ ಬರೆಯಿರಿ, ಸರ್ವೆ ನಂಬರು ಹಳೆಯದೋ ಹೊಸದೋ ಎಂದೂ ಬರೆಯಿರಿ. ಮರುಸರ್ವೆಯಲ್ಲಿ ನಂಬರು ಬದಲಾಗಿದ್ದರೆ ಬೇರೆಯವರ ಹೊಲದ ಕಾಗದ ಕೈಗೆ ಬರುತ್ತದೆ.